ಒಂದು ಹಾಡು ಪಿಸುಗುಟ್ಟುತ್ತದೆ, ಇನ್ನೊಂದು ಅರಚುತ್ತದೆ

ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲೋ ರೈಲಿನಲ್ಲೋ ಕೂತವರಿಗೆಲ್ಲ ಈ ಕಾಟ ಗೊತ್ತು. ಪಿ.ಬಿ. ಶ್ರೀನಿವಾಸ್ ಅವರ ಅರವತ್ತರ ದಶಕದ ಹಾಡೊಂದು ಬರುತ್ತಿರುತ್ತದೆ. ಎಂಜಿನ್ನಿನ ಗದ್ದಲದಲ್ಲಿ ಸಾಹಿತ್ಯ ಸರಿಯಾಗಿ ಕೇಳಿಸುತ್ತಿಲ್ಲವೆಂದು ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿರುತ್ತೀರಿ. ಆ ಹಾಡು ಮುಗಿದು, ಅದರ ಬೆನ್ನಿಗೇ ಈಚಿನ ಸಿನಿಮಾದ ಹಾಡು ಶುರುವಾಗುತ್ತದೆ. ಡ್ರಮ್ಮಿನ ಮೊದಲ ಏಟಿಗೇ ಕಿವಿ ಗುಂಯ್ ಎನ್ನುತ್ತದೆ. ಗಡಿಬಿಡಿಯಲ್ಲಿ ಜೇಬಿನೊಳಗೆ ಕೈ ಹಾಕಿ ವಾಲ್ಯೂಮ್ ಬಟನ್ ಹುಡುಕಿ ಇಳಿಸುವಷ್ಟರಲ್ಲಿ ಪಲ್ಲವಿ ದಾಟಿರುತ್ತದೆ. ಮುಂದಿನದು ಮತ್ತೆ ಹಳೆಯ ಹಾಡು. ಮತ್ತೆ ಏರಿಸಬೇಕು.

ಇದಕ್ಕೆ ಮದ್ದು ಸಿದ್ಧವಾಗಿ ಇಪ್ಪತ್ತು ವರ್ಷ ದಾಟಿದೆ. ವಾಲ್ಯೂಮ್ ನಾರ್ಮಲೈಸೇಶನ್, ಸೌಂಡ್ ಚೆಕ್, ರೀಪ್ಲೇಗೇನ್ ಮುಂತಾದ ಹೆಸರುಗಳಲ್ಲಿ ಅದು ಪ್ಲೇಯರಿನ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ. ಆದರೆ ಅದನ್ನು ಆನ್ ಮಾಡಿದರೆ ಹಾಡಿನ ಗುಣಮಟ್ಟ ಕೆಡುತ್ತದೆಂಬ ಗುಮಾನಿ ಬಹಳ ಜನರಿಗಿದೆ. ದುಬಾರಿ ಹೆಡ್‌ಫೋನ್ ಕೊಂಡವರಿಗಂತೂ ಇನ್ನೂ ಜಾಸ್ತಿ. ನನ್ನ ಮಟ್ಟಿಗೆ ಈ ಗುಮಾನಿ ಪೂರಾ ತಲೆಕೆಳಗು. ಸದ್ದನ್ನು ಸಮ ಮಾಡುವ ತನಕ ಯಾವ ಹಾಡಿನ ಗುಣಮಟ್ಟ ಚೆನ್ನಾಗಿದೆ ಎಂದು ತೀರ್ಮಾನಿಸುವುದಕ್ಕೇ ನಮ್ಮ ಕಿವಿಗೆ ಆಗುವುದಿಲ್ಲ.

ಮೊದಲು, ಹಾಡುಗಳ ನಡುವೆ ಇಷ್ಟು ವ್ಯತ್ಯಾಸ ಬಂದದ್ದು ಹೇಗೆ ಎಂಬುದು. ಕ್ಯಾಸೆಟ್ಟಿನ ಕಾಲದಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಒಂದು ಕ್ಯಾಸೆಟ್ ಎಂದರೆ ಒಂದೋ ಎರಡೋ ಸಿನಿಮಾ, ಇಲ್ಲವೇ ಒಬ್ಬರ ಭಾವಗೀತೆಗಳು. ಒಂದೇ ಕಡೆ ಧ್ವನಿಮುದ್ರಣಗೊಂಡು ಒಂದೇ ಮಟ್ಟದಲ್ಲಿ ಬಂದಿರುತ್ತಿದ್ದವು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಹಾಡನ್ನು ಜೇಬಿಗಿಳಿಸಿತಾದರೂ ಕೇಳುತ್ತಿದ್ದದ್ದು ಒಂದು ಸಲಕ್ಕೆ ಒಂದೇ ಕ್ಯಾಸೆಟ್. 2001ರಲ್ಲಿ ಬಂದ ಆಪಲ್‌ನ ಐಪಾಡ್ 5 ಜಿಬಿಯ ಡಿಸ್ಕಿನಲ್ಲಿ ಸಾವಿರ ಹಾಡು ಹಿಡಿಸಿತು. 2005ರ ಐಪಾಡ್ ಷಫಲ್‌ಗೆ ಪರದೆಯೇ ಇರಲಿಲ್ಲ. ಯಾವ ಹಾಡು ಬರುತ್ತದೋ ಬರಲಿ ಎಂಬುದೇ ಅದರ ಆಕರ್ಷಣೆ. ನಮ್ಮಲ್ಲಿ ಇದೇ ಕೆಲಸವನ್ನು ಮೆಮೊರಿ ಕಾರ್ಡ್ ಮಾಡಿತು. ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದ ತಲೆಮಾರಿಗೆ ಗೊತ್ತಿದೆ, ಅದರಲ್ಲಿ ಏನಿರುತ್ತಿತ್ತು ಎಂದು. ಹಳೆಯ ರೆಕಾರ್ಡಿನಿಂದ ಇಳಿಸಿದ್ದು, ಕ್ಯಾಸೆಟ್ಟಿನಿಂದ ಇಳಿಸಿದ್ದು, ಸಿ.ಡಿ.ಯಿಂದ ತೆಗೆದದ್ದು, ಟಿ.ವಿ.ಯಿಂದ ಹಿಡಿದದ್ದು ಎಲ್ಲ ಒಂದೇ ಪಟ್ಟಿಯಲ್ಲಿ.

ಇಷ್ಟೇ ಆಗಿದ್ದರೆ ಅದು ಬರೀ ಮೂಲದ ಹೆಚ್ಚುಕಮ್ಮಿ. ದೊಡ್ಡ ಕಾರಣ ಬೇರೆ ಇದೆ, ಮತ್ತು ಅದು ಉದ್ದೇಶಪೂರ್ವಕ.

ಡಿಜಿಟಲ್ ಧ್ವನಿಗೆ ಒಂದು ಚಾವಣಿ ಉಂಟು. ಅದನ್ನು ಸೊನ್ನೆ ಡೆಸಿಬಲ್ ಎಂದಿಟ್ಟುಕೊಂಡು ಉಳಿದ ಮಟ್ಟಗಳನ್ನೆಲ್ಲ ಅಲ್ಲಿಂದ ಕೆಳಕ್ಕೆ, ಮೈನಸ್ ಲೆಕ್ಕದಲ್ಲಿ ಅಳೆಯುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯದು 16 ಬಿಟ್ ಲೆಕ್ಕ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್‌ನಂತೆ ಚಾವಣಿಯಿಂದ ನೆಲದವರೆಗೆ ಸುಮಾರು 96 ಡೆಸಿಬಲ್ ಜಾಗ. ಆರಂಭದ ಸಿ.ಡಿ.ಗಳಲ್ಲಿ ಎಂಜಿನಿಯರುಗಳು ಈ ಜಾಗವನ್ನು ಧಾರಾಳವಾಗಿ ಬಿಡುತ್ತಿದ್ದರು. ಹಾಡಿನ ಸರಾಸರಿ ಮಟ್ಟ ಚಾವಣಿಗಿಂತ ಸಾಕಷ್ಟು ಕೆಳಗಿರುತ್ತಿತ್ತು. ತಬಲಾದ ಒಂದು ಜೋರು ಪೆಟ್ಟು, ಹಾಡುಗಾರ್ತಿ ತಾರಸ್ಥಾಯಿಗೆ ಹೋದ ಗಳಿಗೆ, ಇಂಥವು ಮಾತ್ರ ಮೇಲೆದ್ದು ಚಾವಣಿಯ ಹತ್ತಿರ ಬರುತ್ತಿದ್ದವು. ಹಾಡಿಗೆ ಜೀವ ಇರುವುದೇ ಇಂಥ ಏರಿಳಿತದಲ್ಲಿ.

ಆಮೇಲೆ ಪೈಪೋಟಿ ಶುರುವಾಯಿತು. ಪೈಪೋಟಿ ಹೊಸದೇನಲ್ಲ. ಅಮೆರಿಕದಲ್ಲಿ ಜೂಕ್‌ಬಾಕ್ಸ್‌ಗಳ ಕಾಲದಲ್ಲೇ ಪಕ್ಕದ ರೆಕಾರ್ಡಿಗಿಂತ ತಮ್ಮದು ಜೋರಾಗಿ ಕೇಳಬೇಕೆಂಬ ಹಟ ಕಂಪನಿಗಳಿಗಿತ್ತು. ಆದರೆ ಗ್ರಾಮಫೋನ್ ರೆಕಾರ್ಡಿಗೆ ಅದರದ್ದೇ ಕಡಿವಾಣವಿತ್ತು. ಸದ್ದು ಏರಿಸಿದಷ್ಟೂ ಗೀರಿಗೆ ಹೆಚ್ಚು ಜಾಗ ಬೇಕು, ಒಂದು ಬದಿಗೆ ಹಿಡಿಸುವ ಅವಧಿ ಕಡಿಮೆಯಾಗುತ್ತದೆ. ವಿಪರೀತಕ್ಕೆ ಹೋದರೆ ಮುಳ್ಳು ಹಾರುತ್ತದೆ. ಸಿ.ಡಿ.ಗೆ ಇಂಥ ತೊಂದರೆ ಇಲ್ಲ. ಐದೈದು ಸಿ.ಡಿ. ಒಟ್ಟಿಗೆ ತುಂಬಿಸುವ ಚೇಂಜರ್‌ಗಳು ಬಂದಮೇಲೆ ಬೇರೆ ಬೇರೆ ಕಂಪನಿಗಳ ಹಾಡುಗಳು ಒಂದರ ಪಕ್ಕ ಒಂದು ಕೇಳಿಸತೊಡಗಿದವು. ಮೆಲ್ಲಗಿದ್ದದ್ದು ಸಪ್ಪೆ ಅನಿಸಿತು. ತೊಂಬತ್ತರ ದಶಕದಲ್ಲಿ ಡಿಜಿಟಲ್ ಲಿಮಿಟರುಗಳು ಸಿಕ್ಕ ಮೇಲೆ ತಡೆಯುವವರೇ ಇಲ್ಲ.

ನಡೆಯುವುದು ಇಷ್ಟು. ಹಾಡು ಹೊರಗೆ ಹೋಗುವ ಮುಂಚಿನ ಕೊನೆಯ ಹಂತಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ಅಲ್ಲಿ ಕಂಪ್ರೆಸರ್ ಎಂಬ ಉಪಕರಣ ಗಟ್ಟಿ ಭಾಗಗಳನ್ನು ಅದುಮುತ್ತದೆ. ಚಾವಣಿಗೆ ತಲೆ ತಾಗಿಸುವ ತುದಿಗಳನ್ನು ಲಿಮಿಟರ್ ಚಪ್ಪಟೆ ಮಾಡುತ್ತದೆ. ಹೀಗೆ ಮೇಲೆ ಉಳಿದ ಜಾಗಕ್ಕೆ ಇಡೀ ಹಾಡನ್ನು ತಳ್ಳುತ್ತಾರೆ. (ಎಂಪಿ3 ಮಾಡುವಾಗ ಫೈಲಿನ ಗಾತ್ರ ಕುಗ್ಗಿಸುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡಕ್ಕೂ ಕಂಪ್ರೆಷನ್ ಎಂದೇ ಕರೆಯುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ.) ಕಂಪ್ಯೂಟರಿನಲ್ಲಿ ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಎರಡು ಹಾಡು ತೆರೆದರೆ ಸಾಕು, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೆಯ ಹಾಡಿನ ಚಿತ್ರದಲ್ಲಿ ಚರಣ ಎಲ್ಲಿ ಮೆತ್ತಗಾಯಿತು, ಪಿಟೀಲುಗಳ ಸಮೂಹ ಎಲ್ಲಿ ಎದ್ದಿತು ಎಂದು ಬೆರಳಿಟ್ಟು ತೋರಿಸಬಹುದು. ಅಬ್ಬರದ ಮಾಸ್ಟರಿಂಗ್ ಆದ ಹಾಡು ಆ ತುದಿಯಿಂದ ಈ ತುದಿಯವರೆಗೆ ಗಟ್ಟಿ ಪಟ್ಟಿಯಾಗಿ ಕಾಣುತ್ತದೆ. ಸ್ಟುಡಿಯೋ ಮಂದಿ ಇದಕ್ಕೆ ಇಟ್ಟಿಗೆ ಎಂದೇ ಅಡ್ಡಹೆಸರಿಟ್ಟಿದ್ದಾರೆ.

ಇಟ್ಟಿಗೆಯ ಉದಾಹರಣೆಯಾಗಿ ಎಲ್ಲರೂ ಹೆಸರಿಸುವುದು 2008ರಲ್ಲಿ ಬಂದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ. ರಾಕ್ ಸಂಗೀತ ಗಟ್ಟಿಯಾಗಿರುವುದು ಸಹಜವೇ. ಆದರೆ ಅದರ ಸಿ.ಡಿ.ಯಲ್ಲಿ ಸದ್ದು ಒಡೆದು ಕರಕರ ಅನ್ನುತ್ತಿತ್ತು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೊ ಗೇಮಿನಲ್ಲೂ ಬಂದವು. ಗೇಮಿಗೆ ಹೋದ ಪ್ರತಿಗೆ ಆ ಕೊನೆಯ ಅದುಮಾಟ ಆಗಿರಲಿಲ್ಲ. ಅಭಿಮಾನಿಗಳು ಎರಡನ್ನೂ ಹೋಲಿಸಿ ನೋಡಿ, ಹಣ ಕೊಟ್ಟು ಕೊಂಡ ಸಿ.ಡಿ.ಗಿಂತ ಆಟದ ಹಾಡೇ ಸ್ವಚ್ಛವಾಗಿದೆ ಎಂದು ಪತ್ತೆ ಹಚ್ಚಿಬಿಟ್ಟರು. ಹೊಸದಾಗಿ ಮಾಸ್ಟರ್ ಮಾಡಿಕೊಡಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಅದೇ ವರ್ಷ ಗನ್ಸ್ ಎನ್ ರೋಸಸ್ ತಂಡದ 'ಚೈನೀಸ್ ಡೆಮಾಕ್ರಸಿ'ಗೆ ಮಾಸ್ಟರಿಂಗ್ ಮಾಡಿದ ಬಾಬ್ ಲುಡ್‌ವಿಗ್ ಬೇರೆ ಬೇರೆ ಮಟ್ಟದ ಪ್ರತಿಗಳನ್ನು ತಂಡದ ಮುಂದಿಟ್ಟರು. ತಂಡ ಆರಿಸಿಕೊಂಡದ್ದು ಏರಿಳಿತ ಉಳಿದಿದ್ದ ಪ್ರತಿಯನ್ನು. ಆ ಕಾಲಕ್ಕೆ ಇದು ದೊಡ್ಡ ಸುದ್ದಿಯಾಯಿತು ಎಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಎಂದು ಊಹಿಸಿಕೊಳ್ಳಿ.

ಕಂಪನಿಗಳನ್ನು ಬೈದು ಸುಮ್ಮನಾಗುವ ಹಾಗಿಲ್ಲ. ನಮ್ಮ ಕಿವಿಯ ದೌರ್ಬಲ್ಯವನ್ನು ಅವರು ಚೆನ್ನಾಗಿ ಬಲ್ಲರು. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಎಂಬಿಬ್ಬರು ಕಿವಿ ಎಲ್ಲ ಸ್ವರಗಳನ್ನೂ ಒಂದೇ ತೆರನಾಗಿ ಕೇಳುವುದಿಲ್ಲವೆಂದು ಅಳೆದು ತೋರಿಸಿದರು. ಸದ್ದು ಮೆಲ್ಲಗಿದ್ದಾಗ ಕೆಳಸ್ವರಗಳು, ಎಂದರೆ ಬೇಸ್ ಗಿಟಾರು, ಮೃದಂಗದ ತೊಪ್ಪಿಯ ನಾದ, ಕಿವಿಗೆ ತೀರಾ ಕಡಿಮೆ ಬೀಳುತ್ತವೆ. ಸದ್ದು ಏರಿದಂತೆ ಅವು ತುಂಬಿಕೊಳ್ಳುತ್ತವೆ. ಹಾಗಾಗಿ ಅದೇ ಹಾಡನ್ನು ಸ್ವಲ್ಪ ಜೋರಾಗಿ ಹಾಕಿದರೆ ಹಾಡು ಜೋರಾಯಿತು ಎನಿಸುವುದಕ್ಕಿಂತ ಹಾಡು ತುಂಬಿಬಂತು, ಬಿಡಿಸಿಕೊಂಡಿತು ಎನಿಸುತ್ತದೆ. ವ್ಯತ್ಯಾಸ ಒಂದು ಡೆಸಿಬಲ್‌ನ ಆಸುಪಾಸಿನಲ್ಲಿದ್ದರಂತೂ ಸದ್ದು ಏರಿದ್ದು ಗೊತ್ತೇ ಆಗುವುದಿಲ್ಲ. ಗುಣ ಹೆಚ್ಚಿದಂತೆ ಮಾತ್ರ ಭಾಸವಾಗುತ್ತದೆ. ಹೆಡ್‌ಫೋನ್ ಅಂಗಡಿಯಲ್ಲಿ ಎರಡು ಜೊತೆ ಹಾಕಿ ನೋಡಿ ಒಂದನ್ನು ಆರಿಸಿ ತಂದವರು ಬಹುಮಟ್ಟಿಗೆ ಆರಿಸಿರುವುದು ಹೆಚ್ಚು ಸದ್ದು ಮಾಡುವುದನ್ನು. ಧ್ವನಿ ಪರೀಕ್ಷೆಗಳನ್ನು ಶಾಸ್ತ್ರೀಯವಾಗಿ ಮಾಡುವವರು ಅದಕ್ಕೇ ಎರಡರ ಮಟ್ಟವನ್ನೂ ಡೆಸಿಬಲ್‌ನ ಹತ್ತನೇ ಒಂದೆರಡು ಭಾಗದ ಒಳಗೆ ಹೊಂದಿಸದೆ ಮುಂದಕ್ಕೆ ಹೋಗುವುದಿಲ್ಲ.

ಪ್ಲೇಯರಿನ ನಾರ್ಮಲೈಸೇಶನ್ ಮಾಡುವುದೂ ಇದೇ ಕೆಲಸ, ಸ್ವಲ್ಪ ಒರಟಾಗಿ.

ಇದರಲ್ಲಿ ಹಳೆಯ ವಿಧಾನವೊಂದಿದೆ, ಅದು ಪ್ರಯೋಜನಕ್ಕಿಲ್ಲ. ಹಾಡಿನ ಅತಿ ಎತ್ತರದ ತುದಿ ಎಲ್ಲಿದೆ ನೋಡಿ, ಅದು ಚಾವಣಿಗೆ ತಾಗುವವರೆಗೆ ಇಡೀ ಹಾಡನ್ನು ಏರಿಸುವುದು. ವೀಣಾ ಕಛೇರಿಯ ಧ್ವನಿಮುದ್ರಣದಲ್ಲಿ ಮೃದಂಗದ ಒಂದೇ ಒಂದು ಗುಂಕಿ ಚಾವಣಿ ಮುಟ್ಟಿದ್ದರೂ ಈ ಲೆಕ್ಕದ ಪ್ರಕಾರ ಅದು ಪೂರಾ ತುಂಬಿದ ಹಾಡು, ಇನ್ನು ಏರಿಸಲು ಜಾಗವಿಲ್ಲ. ಪಕ್ಕದಲ್ಲಿರುವ ಇಟ್ಟಿಗೆಯಂಥ ಹಾಡಿನ ತುದಿಯೂ ಅಲ್ಲೇ. ಎರಡೂ ಸಮ ಎಂದು ಯಂತ್ರ ಹೇಳುತ್ತದೆ, ಕಿವಿ ಒಪ್ಪುವುದಿಲ್ಲ. ತುದಿಯನ್ನು ಅಳೆದರೆ ಸದ್ದು ಸಿಗುವುದಿಲ್ಲ. ಕಿವಿ ಗಮನಿಸುವುದು ಸರಾಸರಿಯನ್ನು.

ಕಿವಿಯ ಲೆಕ್ಕವನ್ನು ಎಂಪಿ3 ಲೋಕಕ್ಕೆ ತಂದದ್ದು ಬ್ರಿಟನ್ನಿನ ಡೇವಿಡ್ ರಾಬಿನ್ಸನ್. 2001ರಲ್ಲಿ ಅವರು ಮುಂದಿಟ್ಟ ರೀಪ್ಲೇಗೇನ್ ಪದ್ಧತಿ ಹೀಗೆ ಕೆಲಸ ಮಾಡುತ್ತದೆ. ಹಾಡನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಚೂರು ಚೂರು ಮಾಡಿ, ಪ್ರತಿ ಚೂರಿನ ಸದ್ದನ್ನು ಕಿವಿಯ ಸ್ವಭಾವಕ್ಕೆ ತಕ್ಕ ಸೋಸುಗದಲ್ಲಿ ಹಾಯಿಸಿ ಅಳೆಯುತ್ತದೆ. ಚೂರುಗಳನ್ನು ಮೆಲ್ಲಗಿನಿಂದ ಜೋರಿನವರೆಗೆ ಸಾಲಾಗಿ ಜೋಡಿಸಿ, ನೂರರಲ್ಲಿ ತೊಂಬತ್ತೈದನೆಯ ಸ್ಥಾನದಲ್ಲಿ ಬರುವುದನ್ನು ಆ ಹಾಡಿನ ಮಟ್ಟ ಎಂದು ಹಿಡಿಯುತ್ತದೆ. ಒಂದೆರಡು ಸಿಡಿತಗಳಿಗೆ ಮೋಸಹೋಗದೆ, ನಡುವಿನ ಮೌನಗಳಿಗೂ ಸೋಲದೆ, ಹಾಡಿನ ಜೋರು ಭಾಗಗಳು ಎಷ್ಟು ಜೋರು ಎಂಬುದನ್ನು ಹಿಡಿಯುವ ಉಪಾಯ ಇದು. ಬಳಕೆಯಲ್ಲಿ ನಿಂತ ಗುರಿ 89 ಡೆಸಿಬಲ್. ಹೊಸ ಹಾಡೊಂದು 98 ಎಂದು ಅಳತೆಗೆ ಬಂದರೆ ಅದಕ್ಕೆ ಮೈನಸ್ 9 ಎಂದು ಬರೆಯುತ್ತದೆ. ಹಳೆಯದು 86 ಬಂದರೆ ಪ್ಲಸ್ 3. ಎರಡರ ನಡುವಿನ ಅಂತರ 12 ಡೆಸಿಬಲ್. ಅಲೆಯ ಎತ್ತರದಲ್ಲಿ ಹೇಳುವುದಾದರೆ ಒಂದಕ್ಕೆ ನಾಲ್ಕು ಪಟ್ಟು. ಬಸ್ಸಿನಲ್ಲಿ ಕಿವಿ ಗುಂಯ್ ಎಂದದ್ದು ಸುಮ್ಮನೆ ಅಲ್ಲ.

ಇಲ್ಲಿ ಗಮನಿಸಬೇಕಾದದ್ದು, ಅದು ಬರೆಯುವುದು ಎಲ್ಲಿ ಎಂಬುದನ್ನು. ಹಾಡಿನ ಹೆಸರು, ಗಾಯಕರ ಹೆಸರು ಇರುವ ಟ್ಯಾಗಿನಲ್ಲಿ ಆ ಸಂಖ್ಯೆ ಕೂರುತ್ತದೆ. ಹಾಡನ್ನು ಮುಟ್ಟುವುದೇ ಇಲ್ಲ. ನುಡಿಸುವಾಗ ಪ್ಲೇಯರ್ ಆ ಸಂಖ್ಯೆ ಓದಿಕೊಂಡು, ನಿಮ್ಮ ಬದಲು ತಾನೇ ವಾಲ್ಯೂಮ್ ಅಷ್ಟು ಇಳಿಸಿ ಅಥವಾ ಏರಿಸಿ ಹಾಡು ಮುಗಿಯುವವರೆಗೂ ಅಲ್ಲೇ ಬಿಡುತ್ತದೆ. ಹಾಡಿನೊಳಗಿನ ಏರಿಳಿತ ಹೇಗಿತ್ತೋ ಹಾಗೇ. ಹಾಡಿನ ತುದಿಯ ಎತ್ತರವೂ ಟ್ಯಾಗಿನಲ್ಲಿರುವುದರಿಂದ, ಏರಿಸಿದರೆ ಚಾವಣಿ ಒಡೆಯುತ್ತದೆಂದು ಕಂಡರೆ ಒಳ್ಳೆಯ ಪ್ಲೇಯರ್ ಅಷ್ಟಕ್ಕೇ ನಿಲ್ಲಿಸುತ್ತದೆ. ಆಪಲ್ 2002ರಲ್ಲಿ ಐಟ್ಯೂನ್ಸ್‌ಗೆ ಸೇರಿಸಿದ ಸೌಂಡ್ ಚೆಕ್ ಕೂಡ ಇದೇ ಜಾತಿಯದು.

ಟ್ಯಾಗ್ ಓದಲು ಬಾರದ ಅಗ್ಗದ ಪ್ಲೇಯರುಗಳಿಗೆ, ಕಾರಿನ ಪೆನ್‌ಡ್ರೈವ್‌ಗೆ ಎಂಪಿ3ಗೇನ್ ಎಂಬ ಇನ್ನೊಂದು ಉಚಿತ ಸಾಧನವಿದೆ. ಎಂಪಿ3 ಫೈಲಿನ ಪ್ರತಿ ಚಿಕ್ಕ ತುಂಡಿನಲ್ಲೂ ಈ ಭಾಗವನ್ನು ಇಷ್ಟು ಜೋರಾಗಿ ನುಡಿಸು ಎಂದು ಹೇಳುವ ಒಂದು ಅಂಕಿ ಇರುತ್ತದೆ. ಎಂಪಿ3ಗೇನ್ ಆ ಅಂಕಿಯನ್ನಷ್ಟೇ ಬದಲಿಸುತ್ತದೆ; ಒಂದೊಂದು ಮೆಟ್ಟಿಲಿಗೆ 1.5 ಡೆಸಿಬಲ್. ಹಾಡನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವಿಲ್ಲವಾದ್ದರಿಂದ ಕಿಂಚಿತ್ತೂ ನಷ್ಟವಿಲ್ಲ, ಬೇಡವೆಂದರೆ ಮೊದಲಿದ್ದಂತೆ ಮಾಡಬಹುದು. ವಾಲ್ಯೂಮ್ ಬೂಸ್ಟರ್ ಎಂದು ಹೇಳಿಕೊಳ್ಳುವ ಹಲವು ಸಾಧನಗಳು ಹೀಗಲ್ಲ. ಅವು ಎಂಪಿ3ಯನ್ನು ಬಿಚ್ಚಿ, ಉಬ್ಬಿಸಿ, ಮತ್ತೆ ಎಂಪಿ3 ಮಾಡಿ ಉಳಿಸುತ್ತವೆ. ಒಮ್ಮೆ ಸೋರಿದ್ದು ಇನ್ನೊಮ್ಮೆ ಸೋರುತ್ತದೆ, ಜೊತೆಗೆ ತುದಿಗಳು ಕತ್ತರಿಸಿಹೋಗುತ್ತವೆ. ನಾರ್ಮಲೈಸೇಶನ್‌ಗೆ ಬಂದ ಕೆಟ್ಟ ಹೆಸರಿನಲ್ಲಿ ದೊಡ್ಡ ಪಾಲು ಇಂಥವುಗಳದ್ದು.

ಇನ್ನೊಂದು ಪಾಲು, ನುಡಿಸುತ್ತಿರುವಾಗಲೇ ಸದ್ದು ಏರಿಳಿಸುವ ಸಾಧನಗಳದ್ದು. ಕೆಲವು ಫೋನು, ಟಿ.ವಿ.ಗಳಲ್ಲಿ ಆಟೋ ವಾಲ್ಯೂಮ್, ವಾಲ್ಯೂಮ್ ಲೆವೆಲರ್ ಎಂದು ಇರುತ್ತವೆ. ಇವು ಮುಂಚೆಯೇ ಅಳೆದಿಟ್ಟುಕೊಂಡಿರುವುದಿಲ್ಲ. ಈ ಗಳಿಗೆಯಲ್ಲಿ ಸದ್ದು ಕಡಿಮೆಯಿದ್ದರೆ ಏರಿಸು, ಹೆಚ್ಚಿದ್ದರೆ ಇಳಿಸು, ಅಷ್ಟೇ ಇವಕ್ಕೆ ಗೊತ್ತು. ವಾರ್ತೆಗೆ, ಧಾರಾವಾಹಿಗೆ, ರಾತ್ರಿ ಹೊತ್ತು ಮನೆಯವರ ನಿದ್ದೆ ಕೆಡಿಸದೆ ಸಿನಿಮಾ ನೋಡುವುದಕ್ಕೆ ಇದು ಒಳ್ಳೆಯದೇ. ಸಂಗೀತಕ್ಕೆ ಹಾಕಿ ನೋಡಿ. ಖಯಾಲ್ ಹಾಡುವವರು ಒಂದು ಆವರ್ತನ ಮುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಆ ಎರಡು ಕ್ಷಣದಲ್ಲಿ ಹಿಂದಿನ ತಂಬೂರಿ ಏರುತ್ತಾ ಏರುತ್ತಾ ಮುಂದಕ್ಕೆ ಬರುತ್ತದೆ, ಸಭೆಯಲ್ಲಿ ಯಾರೋ ಕೆಮ್ಮಿದ್ದು ದೊಡ್ಡದಾಗಿ ಕೇಳುತ್ತದೆ. ಗಾಯಕ ಷಡ್ಜ ಹಿಡಿದ ಕೂಡಲೇ ಎಲ್ಲವೂ ತಟ್ಟನೆ ಕುಸಿಯುತ್ತದೆ. ಇದನ್ನು ಸಹಿಸಿಕೊಂಡು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವುದು ಶಿಕ್ಷೆ. ಸಂಗೀತಕ್ಕೆ ಇದನ್ನು ಆಫ್ ಮಾಡಿ, ಬೇರೆ ಮಾತಿಲ್ಲ.

ನಮ್ಮ ಸಂಗೀತ ಕೇಳುವವರಿಗೆ ಇನ್ನೊಂದು ವಿಷಯ ಮುಖ್ಯ. ರೀಪ್ಲೇಗೇನ್ ಎರಡು ಸಂಖ್ಯೆ ಬರೆದಿಡುತ್ತದೆ. ಒಂದು ಬಿಡಿ ಹಾಡಿನದು, ಇನ್ನೊಂದು ಇಡೀ ಆಲ್ಬಮ್ಮಿನದು. ಬೇರೆ ಬೇರೆ ಸಿನಿಮಾಗಳ ಹಾಡು ಕಲಸಿ ಕೇಳುವಾಗ ಬಿಡಿ ಹಾಡಿನ ಸಂಖ್ಯೆ ಸರಿ. ಆದರೆ ಕಛೇರಿಯ ಧ್ವನಿಮುದ್ರಣವನ್ನು ನೆನೆಸಿಕೊಳ್ಳಿ. ರಾಗ ಆಲಾಪನೆ ಒಂದು ಟ್ರ್ಯಾಕ್, ತಾನ ಇನ್ನೊಂದು, ಪಲ್ಲವಿ ಮತ್ತೊಂದು, ತನಿ ಆವರ್ತನ ಕೊನೆಯದು. ಆಲಾಪನೆಯಲ್ಲಿ ಗಾಯಕರ ಹಿಂದೆ ಪಿಟೀಲು ಮಾತ್ರ. ತನಿಗೆ ಬಂದಾಗ ಮೃದಂಗ, ಘಟ, ಖಂಜಿರ ಮೂರೂ ಸೇರಿ ಸಭಾಂಗಣ ನಡುಗಿಸುತ್ತವೆ. ಬಿಡಿ ಹಾಡಿನ ಲೆಕ್ಕ ಹಿಡಿದರೆ ಪ್ಲೇಯರ್ ಆಲಾಪನೆಯನ್ನು ಮೇಲಕ್ಕೆತ್ತಿ, ತನಿಯನ್ನು ಕೆಳಕ್ಕೆ ತಗ್ಗಿಸಿ ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಿಬಿಡುತ್ತದೆ. ಎರಡು ಗಂಟೆ ಹಂತಹಂತವಾಗಿ ಕಟ್ಟಿಕೊಂಡು ಬಂದ ಕಛೇರಿ ಸಪಾಟಾಗುತ್ತದೆ. ಭೀಮಸೇನ ಜೋಶಿಯವರ ವಿಲಂಬಿತ್ ಮತ್ತು ದ್ರುತ್ ಎರಡು ಟ್ರ್ಯಾಕ್ ಆಗಿದ್ದರೂ ಇದೇ ಗತಿ. ಆಲ್ಬಂ ಸಂಖ್ಯೆ ಹಿಡಿದರೆ ಇಡೀ ಕಛೇರಿಗೆ ಒಂದೇ ಹೊಂದಾಣಿಕೆ. ಒಳಗಿನ ಎತ್ತರ ತಗ್ಗು ಕಲಾವಿದರು ಇಟ್ಟಂತೆಯೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕ್, ಆಲ್ಬಂ ಎಂದು ಎರಡು ಆಯ್ಕೆ ಕಂಡರೆ ಶಾಸ್ತ್ರೀಯ ಸಂಗೀತದವರು ಕಣ್ಣುಮುಚ್ಚಿ ಆಲ್ಬಂ ಒತ್ತಬಹುದು.

ಈಗ ಬಹುಪಾಲು ಜನ ಫೈಲುಗಳನ್ನು ಇಟ್ಟುಕೊಳ್ಳುವುದಿಲ್ಲ. ಇಂಟರ್‌ನೆಟ್ಟಿನಿಂದಲೇ ಹಾಡು ಹರಿದು ಬರುತ್ತದೆ. ಅಲ್ಲಿ ಅಳತೆಗೋಲು ಪ್ರಸಾರ ಲೋಕದ್ದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಸದ್ದನ್ನು ಅಳೆಯುವ ಮಾನಕ ಕೊಟ್ಟಿತು. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಅದನ್ನು ಆಧರಿಸಿ ಟಿ.ವಿ., ರೇಡಿಯೊಗಳಿಗೆ ಮೈನಸ್ 23 ಎಂಬ ಮಟ್ಟ ನಿಗದಿ ಮಾಡಿತು. ಇದರ ಮಾಪನಕ್ಕೆ ಎಲ್‌ಯುಎಫ್‌ಎಸ್ ಎನ್ನುತ್ತಾರೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ರಿಮೋಟಿಗೆ ತಡಕಾಡುವ ಕಷ್ಟ ಜಗತ್ತಿನ ಎಲ್ಲ ಕಡೆಯದು. ಅಮೆರಿಕ 2010ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು. ನಮ್ಮ 1994ರ ಕೇಬಲ್ ಟಿ.ವಿ. ನಿಯಮಗಳಲ್ಲೂ ಜಾಹೀರಾತು ಅತಿಯಾಗಿ ಜೋರಿರಬಾರದು ಎಂದಿದೆ. ನಿಯಮ ಇದ್ದಲ್ಲೇ ಇದೆ, ಜಾಹೀರಾತೂ ಇದ್ದ ಹಾಗೇ ಇದೆ.

ಹಾಡಿನ ಸೇವೆಗಳು ಇದೇ ಅಳತೆ ಹಿಡಿದು ತಮ್ಮ ತಮ್ಮ ಮಟ್ಟ ಇಟ್ಟುಕೊಂಡಿವೆ. ಸ್ಪಾಟಿಫೈ, ಯೂಟ್ಯೂಬ್ ಸುಮಾರು ಮೈನಸ್ 14, ಆಪಲ್ ಮ್ಯೂಸಿಕ್ ಮೈನಸ್ 16. ಮೈನಸ್ 8ಕ್ಕೆ ಮಾಸ್ಟರ್ ಮಾಡಿದ ಅಬ್ಬರದ ಹಾಡನ್ನು ಸ್ಪಾಟಿಫೈ 6 ಡೆಸಿಬಲ್ ಇಳಿಸಿಯೇ ನುಡಿಸುತ್ತದೆ. ಜೋರಾಗಲೆಂದು ಹಾಡಿನ ಜೀವ ಹಿಂಡಿದ್ದಷ್ಟೇ ಬಂತು, ಜೋರು ಸಿಗಲಿಲ್ಲ. ಬೇಕಿದ್ದರೆ ಕಂಪ್ಯೂಟರಿನಲ್ಲಿ ಯೂಟ್ಯೂಬಿನ ಒಂದು ಹಾಡು ಹಾಕಿ, ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಅದರಲ್ಲಿ ಕಂಟೆಂಟ್ ಲೌಡ್‌ನೆಸ್ ಎಂಬ ಸಾಲು ಇರುತ್ತದೆ. ಅಲ್ಲಿ 5 ಡೆಸಿಬಲ್ ಎಂದಿದ್ದರೆ ಆ ಹಾಡು ಯೂಟ್ಯೂಬಿನ ಮಟ್ಟಕ್ಕಿಂತ ಅಷ್ಟು ಮೇಲಿತ್ತು, ಅಷ್ಟನ್ನೂ ಇಳಿಸಲಾಗಿದೆ ಎಂದರ್ಥ. ಮೈನಸ್ ಇದ್ದರೆ ಮೆಲ್ಲಗಿನ ಹಾಡು. ಯೂಟ್ಯೂಬ್ ಅದನ್ನು ಏರಿಸುವ ಗೋಜಿಗೆ ಹೋಗುವುದಿಲ್ಲ. ಹೊಸ ಹಾಡು, ಹಳೆಯ ಹಾಡು ಹಾಕಿ ಹೋಲಿಸುತ್ತಾ ಕೂತರೆ ಒಂದು ಸಂಜೆ ಕಳೆದದ್ದು ಗೊತ್ತಾಗುವುದಿಲ್ಲ.

ಸ್ಪಾಟಿಫೈನ ಸೆಟ್ಟಿಂಗ್ಸ್‌ನಲ್ಲಿ ಮೂರು ಮಟ್ಟಗಳಿವೆ: ಕ್ವಯಟ್, ನಾರ್ಮಲ್, ಲೌಡ್. ಲೌಡ್ ಆರಿಸಿದರೆ ಮಟ್ಟ ಮೈನಸ್ 11ಕ್ಕೆ ಏರುತ್ತದೆ. ಅಷ್ಟು ಎತ್ತರಕ್ಕೆ ಏರಿಸಿದಾಗ ಮೆಲ್ಲಗಿನ ಹಾಡುಗಳ ತುದಿ ಚಾವಣಿಗೆ ತಾಗುವುದರಿಂದ ಅಲ್ಲಿ ಲಿಮಿಟರ್ ಕೆಲಸಕ್ಕಿಳಿಯುತ್ತದೆ. ಈ ಒಂದು ಆಯ್ಕೆಯಲ್ಲಿ ಮಾತ್ರ ಗುಣಮಟ್ಟದವರ ದೂರು ನ್ಯಾಯವಾದದ್ದು. ನಾರ್ಮಲ್ ಸಾಕು.

ಗುಣಮಟ್ಟದವರ ಇನ್ನೊಂದು ವಾದವನ್ನೂ ನೋಡೋಣ. ಡಿಜಿಟಲ್ ಧ್ವನಿಯನ್ನು 6 ಡೆಸಿಬಲ್ ಇಳಿಸಿದರೆ ಒಂದು ಬಿಟ್ ಕಳೆದಂತೆ, 12 ಇಳಿಸಿದರೆ ಎರಡು ಬಿಟ್ ಎನ್ನುತ್ತಾರೆ. ಲೆಕ್ಕ ಸರಿಯಾಗಿದೆ. 96ರಲ್ಲಿ 9 ಕಳೆದರೆ ಉಳಿಯುವುದು 87 ಡೆಸಿಬಲ್. ಬಸ್ಸಿನೊಳಗೆ ಎಂಜಿನ್, ಹಾರ್ನ್, ಕಂಡಕ್ಟರ್ ಸೀಟಿ ಎಲ್ಲ ಸೇರಿ ಎದ್ದಿರುವ ಗದ್ದಲದ ಅಡಿಯಲ್ಲಿ ಆ 87ರ ಕೊನೆಯ ಡೆಸಿಬಲ್‌ಗಳನ್ನು ಹುಡುಕಿ ಕೇಳುವ ಕಿವಿ ಯಾರಿಗೂ ಇಲ್ಲ. ಮನೆಯ ಕೋಣೆಯಲ್ಲೂ ಫ್ಯಾನ್ ತಿರುಗುತ್ತಿದ್ದರೆ ಸಾಧ್ಯವಿಲ್ಲ. ಈಗಿನ ಬಹುತೇಕ ಪ್ಲೇಯರ್‌ಗಳು ಒಳಗೆ 24 ಬಿಟ್ಟಿನಲ್ಲಿ ಲೆಕ್ಕ ಹಾಕುವುದರಿಂದ ಆ ಚೂರು ನಷ್ಟವೂ ಆಗುವುದಿಲ್ಲ. ತೀರಾ ಅಗ್ಗದ ಪ್ಲೇಯರಿಗೆ ತೀರಾ ಸೂಕ್ಷ್ಮವಾದ ಇಯರ್‌ಫೋನ್ ಹಾಕಿದಾಗ ಹಿಂದೆ ಸಣ್ಣ 'ಹಿಸ್' ಕೇಳಿಸಬಹುದು. ಅದು ಆಂಪ್ಲಿಫೈಯರಿನ ಗೊಣಗು.

ವಾಸ್ತವದಲ್ಲಿ ಲಾಭ ಇನ್ನೊಂದು ಕಡೆಯಿಂದ ಬರುತ್ತದೆ. ಚಾವಣಿಗೆ ಒತ್ತಿಟ್ಟ ಹಾಡನ್ನು ಎಂಪಿ3 ಮಾಡಿದಾಗ, ಅದನ್ನು ಮತ್ತೆ ಬಿಚ್ಚುವಾಗ ಅಲೆಯ ಆಕಾರ ಕೊಂಚ ಬದಲಾಗಿ ಕೆಲವು ತುದಿಗಳು ಚಾವಣಿಯ ಮೇಲಕ್ಕೇ ಚಿಮ್ಮುತ್ತವೆ. ಅಲ್ಲಿ ಜಾಗವಿಲ್ಲ, ತುದಿ ಕತ್ತರಿಸಿಹೋಗುತ್ತದೆ. ಕಿವಿಗೆ ಅದು ತಾಳದ ಜೊತೆ ಬರುವ ಸಣ್ಣ ಚಿಟಿಚಿಟಿಯಾಗಿ ಕೇಳಿಸುತ್ತದೆ. ಬಿಚ್ಚುವ ಹೊತ್ತಿಗೇ ಏಳೆಂಟು ಡೆಸಿಬಲ್ ಇಳಿಸಿಬಿಟ್ಟರೆ ಆ ಚಿಮ್ಮುವ ತುದಿಗಳಿಗೂ ಜಾಗ ಸಿಗುತ್ತದೆ. ಗುಣಮಟ್ಟ ಕೆಡುತ್ತದೆಂದು ಯಾವ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದರೋ ಅದನ್ನು ಆನ್ ಮಾಡಿದರೆ ಕೆಲವು ಹಾಡುಗಳು ಮೊದಲಿಗಿಂತ ಶುದ್ಧವಾಗಿ ಕೇಳುತ್ತವೆ. ಸ್ಟುಡಿಯೋದಲ್ಲೇ ಚಪ್ಪಟೆಯಾದದ್ದನ್ನು ಮಾತ್ರ ಯಾವ ಪ್ಲೇಯರೂ ಮತ್ತೆ ಎಬ್ಬಿಸಲಾರದು.

ಕಿವಿಯ ಆರೋಗ್ಯದ ಮಾತನ್ನೂ ಇಲ್ಲಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಹಾಡು ಕೇಳಬಹುದು. 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತೇ ಡೆಸಿಬಲ್‌ಗೆ ಅವಧಿ ಹತ್ತು ಪಟ್ಟು ಕುಸಿಯುತ್ತದೆ. ಫ್ರಾನ್ಸ್ ಜೇಬಿನ ಪ್ಲೇಯರುಗಳ ಸದ್ದಿಗೆ 100 ಡೆಸಿಬಲ್ ಮಿತಿ ಹಾಕಿದ್ದರಿಂದ 2002ರಲ್ಲಿ ಐಪಾಡಿನ ತಂತ್ರಾಂಶವನ್ನೇ ಬದಲಿಸಬೇಕಾಗಿ ಬಂದಿತ್ತು. ಹಳೆಯ ಹಾಡಿಗೆಂದು ಏರಿಸಿದ ವಾಲ್ಯೂಮಿನಲ್ಲಿ ಹೊಸ ಹಾಡು 12 ಡೆಸಿಬಲ್ ಹೆಚ್ಚು ಹೊಡೆಯುತ್ತದೆ ಎಂದರೆ ಈ ಲೆಕ್ಕದಲ್ಲಿ ಅದೆಷ್ಟು ದುಬಾರಿ ನೋಡಿ. ಮಕ್ಕಳ ಕೈಗೆ ಫೋನು, ಕಿವಿಗೆ ಇಯರ್‌ಫೋನು ಕೊಡುವವರು ಫೋನಿನ ಗರಿಷ್ಠ ವಾಲ್ಯೂಮ್ ಮಿತಿಯ ಜೊತೆಗೆ ನಾರ್ಮಲೈಸೇಶನ್ ಕೂಡ ಆನ್ ಮಾಡಿ ಕೊಡಬೇಕು.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಸ್ಪಾಟಿಫೈನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್, ಐಫೋನಿನಲ್ಲಿ ಮ್ಯೂಸಿಕ್ ಸೆಟ್ಟಿಂಗ್ಸ್ ಒಳಗಿನ ಸೌಂಡ್ ಚೆಕ್. ಸ್ವಂತ ಫೈಲುಗಳನ್ನು ಇಟ್ಟುಕೊಂಡವರು ಕಂಪ್ಯೂಟರಿನಲ್ಲಿ ಫೂಬಾರ್2000 ಬಳಸಿ ಒಮ್ಮೆ ಎಲ್ಲವನ್ನೂ ಅಳೆಸಿ ಟ್ಯಾಗ್ ಬರೆಸಿದರೆ ಆಯಿತು. ರೀಪ್ಲೇಗೇನ್ ಓದಬಲ್ಲ ವಿಎಲ್‌ಸಿಯಂಥ ಪ್ಲೇಯರುಗಳು, ಹಳೆಯ ಐಪಾಡಿಗೆ ಹಾಕಿಕೊಳ್ಳುವ ರಾಕ್‌ಬಾಕ್ಸ್ ತಂತ್ರಾಂಶ, ಮುಂದಿನದನ್ನು ನೋಡಿಕೊಳ್ಳುತ್ತವೆ. ಮೊದಲ ದಿನ ಎಲ್ಲ ಹಾಡೂ ಮಂಕಾದಂತೆ ಅನಿಸಿ ಆಫ್ ಮಾಡೋಣ ಎನಿಸುತ್ತದೆ. ಆಫ್ ಮಾಡಬೇಡಿ. ವಾಲ್ಯೂಮನ್ನು ನಾಲ್ಕು ಗೆರೆ ಏರಿಸಿ, ನಿಮಗೆ ಪ್ರಿಯವಾದ ಒಂದು ಹಳೆಯ ಹಾಡು, ಒಂದು ಹೊಸ ಹಾಡು ಬೆನ್ನುಬೆನ್ನಿಗೆ ಹಾಕಿ ಕೇಳಿ. ಅಷ್ಟಾದ ಮೇಲೂ ಹೊಸದು ಸಪ್ಪೆ ಎನಿಸಿದರೆ ಆ ತಪ್ಪು ನಿಮ್ಮ ಪ್ಲೇಯರಿನದಲ್ಲ, ಇಯರ್‌ಫೋನಿನದೂ ಅಲ್ಲ. ಹಾಡನ್ನು ಮಾಸ್ಟರ್ ಮಾಡಿಸಿದವರದು.